ಬೋರ್‌ವೆಲ್ ಕೊರೆತದ ಕಂಪನ ಮತ್ತು ಅದರ ಹತೋಟಿ: ಬೆಳಗಾವಿ–ಖಾನಾಪುರದ ನೆಲದಲ್ಲಿ

ನೆಲದೊಳಗೆ ತಿರುಗುತ್ತ ಇಳಿಯುವ ಯಾವ ಕೊರೆಯುವ ಸಾಧನವೂ ನಡುಗದೆ ಕೆಲಸ ಮಾಡುವುದಿಲ್ಲ. ಬೋರ್‌ವೆಲ್ ಕೊರೆಯುವಾಗ ಹ್ಯಾಮರ್, ಅದರ ತುದಿಯ ಬಿಟ್, ಮೇಲಿನವರೆಗೆ ಬಂದ ರಾಡುಗಳ ಸಾಲು, ಅದನ್ನು ತಿರುಗಿಸುವ ರೋಟರಿ ಹೆಡ್ಡು, ಎಲ್ಲವನ್ನೂ ಹೊತ್ತು ನಿಂತ ಲಾರಿ ಒಟ್ಟಾಗಿ ಅಲುಗುತ್ತವೆ. ಈ ಅಲುಗಾಟದಲ್ಲಿ ಕಲ್ಲು ಒಡೆಯುವುದಕ್ಕೆ ಸಲ್ಲುವ ಪಾಲು ಒಂದಿದೆ. ರಾಡಿನ ಥ್ರೆಡ್ಡು ಸಡಿಲಿಸಿ, ಬಿಟ್ಟಿನ ಗುಂಡಿ ಹಾರಿಸಿ, ರಂಧ್ರವನ್ನು ಓರೆ ಮಾಡಿ ಹಾಳಾಗುವ ಪಾಲು ಇನ್ನೊಂದಿದೆ. ಕಂಪನದ ಹತೋಟಿ ಎಂದರೆ ಈ ಎರಡನೆಯ ಪಾಲನ್ನು ಕಡಿಮೆ ಮಾಡುವುದು. ಕಂಪನ ಹೀರುವ ಬಿಡಿಭಾಗ ಜೋಡಿಸಿದರೆ ಕೆಲಸ ಮುಗಿಯಿತು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ನೆಲವನ್ನು ಮುಂದಿಟ್ಟುಕೊಂಡು ನೋಡಿದರೆ ಆ ತಿಳಿವಳಿಕೆ ಅರ್ಧ ಮಾತ್ರ ಸರಿ. ಇಲ್ಲಿ ಕಂಪನಕ್ಕೆ ಮೊದಲ ಕಾರಣ ಕಲ್ಲಿನ ಪದರ ಬದಲಾದರೂ ಭಾರ, ಸುತ್ತು, ಗಾಳಿ ಬದಲಾಗದೆ ಇರುವುದು. ಆದ್ದರಿಂದ ಮೊದಲ ಪರಿಹಾರವೂ ಆ ಮೂರರ ಹೊಂದಾಣಿಕೆಯಲ್ಲೇ ಇದೆ. ಉಳಿದ ಉಪಕರಣಗಳ ಸರದಿ ಆಮೇಲೆ.

ಪದರಗಳಿಂದಲೇ ಆರಂಭಿಸಬೇಕು. ಬೆಳಗಾವಿ ನಗರ ದಖನ್ ಲಾವಾ ಪ್ರಸ್ಥಭೂಮಿಯ ದಕ್ಷಿಣದ ಅಂಚಿನಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಇಲ್ಲಿ ಒಂದರ ಮೇಲೊಂದು ಹಾಸಾಗಿ ಹೆಪ್ಪುಗಟ್ಟಿ ಬಸಾಲ್ಟ್ ಆಗಿದೆ. ಅದರ ನೆತ್ತಿ ಮಳೆ ಬಿಸಿಲಿಗೆ ಶಿಥಿಲವಾಗಿ ಜಂಬಿಟ್ಟಿಗೆಯ ಟೊಪ್ಪಿಗೆ ಕಟ್ಟಿದೆ. ಕೊಡಲಿಗೆ ಬಗ್ಗುವಷ್ಟು ಮೆದುವಾದ, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ರಂಧ್ರಗಳಲ್ಲಿ ನೀರು ನಿಲ್ಲುವುದರಿಂದಲೇ ನಗರದಲ್ಲಿ ತೆರೆದ ಬಾವಿಗಳು ಅಷ್ಟೊಂದು ಇದ್ದವು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ಟಿಳಕವಾಡಿಯ ಕಾಂಗ್ರೆಸ್ ಬಾವಿ ಅವುಗಳಲ್ಲಿ ಹೆಸರಾದದ್ದು. ಜಂಬಿಟ್ಟಿಗೆಯ ಕೆಳಗೆ ಜೇಡಿಯಂಥ ಪದರ, ಅದರ ಕೆಳಗೆ ಗುಂಡುಕಲ್ಲು ಹುದುಗಿದ ಗರಸು, ಆಮೇಲೆ ಗಟ್ಟಿ ಬಸಾಲ್ಟ್. ಎರಡು ಲಾವಾ ಹಾಸುಗಳ ನಡುವೆ ಗುಳ್ಳೆಗುಳ್ಳೆಯಾದ ಪದರವೋ, ನೀರು ತಾಗಿದರೆ ಉಬ್ಬುವ ಕೆಂಪು ಜೇಡಿಯ ಪಟ್ಟೆಯೋ ಸಿಗುತ್ತದೆ. ಪೂರ್ವಕ್ಕೆ ಗೋಕಾಕದತ್ತ ಹೋದರೆ ಕಲಾದಗಿ ಸಮೂಹದ ಮರಳುಗಲ್ಲು, ಕ್ವಾರ್ಟ್‌ಜೈಟ್. ಘಟಪ್ರಭೆ ಗೋಕಾಕದಲ್ಲಿ ಧುಮುಕುವುದು ಈ ಬಂಡೆಯ ಮೇಲಿಂದಲೇ. ಉಕ್ಕನ್ನು ಸವೆಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವ ಖಾನಾಪುರ ತಾಲ್ಲೂಕಿನಲ್ಲಿ, ಘಟ್ಟದ ಕಡೆಗೆ ಸರಿದಂತೆ, ಹಾಳೆಹಾಳೆಯಾಗಿ ಓರೆಗೆ ನಿಂತ ಧಾರವಾಡ ಸಮೂಹದ ಶಿಸ್ಟ್, ಫಿಲೈಟ್‌ಗಳು ಬರುತ್ತವೆ. ಖಾನಾಪುರದ ಹೆಂಚು, ಇಟ್ಟಿಗೆ, ಮಡಕೆ ಕಸುಬನ್ನು ಬೆಳೆಸಿದ ಜೇಡಿಮಣ್ಣು ಕೂಡ ಇದೇ ನೆಲದ್ದು. ಹೀಗಾಗಿ ಒಂದೇ ಬೋರಿನಲ್ಲಿ ಮೆದು, ಅಂಟು, ಗುಂಡು, ಗಟ್ಟಿ, ಟೊಳ್ಳು ಇವೆಲ್ಲ ಕೆಲವೇ ಹತ್ತು ಮೀಟರುಗಳ ಅಂತರದಲ್ಲಿ ಎದುರಾಗಬಹುದು. ಮೊದಲಿನಿಂದ ಕೊನೆಯವರೆಗೆ ಒಂದೇ ಕಲ್ಲು ಸಿಗುವ ಗ್ರಾನೈಟ್ ಸೀಮೆಯ ಅಭ್ಯಾಸವನ್ನು ಇಲ್ಲಿಗೆ ತಂದರೆ ಯಂತ್ರ ಕುಣಿಯತೊಡಗುತ್ತದೆ.

ಇಂಥ ಗಟ್ಟಿ ನೆಲಕ್ಕೆ ಬಂದ ಯಂತ್ರ ಗಾಳಿ ಸುತ್ತಿಗೆಯ ರಿಗ್. ರಂಧ್ರದ ತಳದಲ್ಲೇ ಬಡಿಯುವ ಈ ಸುತ್ತಿಗೆ 1950ರ ದಶಕದಲ್ಲಿ ಬಳಕೆಗೆ ಬಂತು. 1960ರ ದಶಕದ ಕೊನೆಯ ಬರಗಾಲದ ವರ್ಷಗಳಲ್ಲಿ ಯುನಿಸೆಫ್ ನೆರವಿನಿಂದ ಭಾರತದ ಗಟ್ಟಿಗಲ್ಲಿನ ಪ್ರದೇಶಗಳಿಗೆ ಇಂಥ ರಿಗ್‌ಗಳು ಬಂದವು. ಇವತ್ತು ಹೊಲದ ಬದುವಿನಲ್ಲಿ, ಬಡಾವಣೆಯ ಸೈಟಿನಲ್ಲಿ ಜನ 'ಬೋರಿನ ಗಾಡಿ' ಎನ್ನುವುದು ಇದನ್ನೇ. ತಮಿಳುನಾಡಿನ ತಿರುಚೆಂಗೋಡು ಈ ಗಾಡಿಗಳ ದೊಡ್ಡ ಕೇಂದ್ರ. ಗಾಡಿಯ ಕೆಲಸ ಸರಳ. ಒಂದು ಲಾರಿಯ ಮೇಲಿನ ಕಂಪ್ರೆಸರ್ ಗಾಳಿಯನ್ನು ಚದರ ಅಂಗುಲಕ್ಕೆ 300 ಪೌಂಡಿನ ಆಸುಪಾಸು ಒತ್ತಡದಲ್ಲಿ ರಾಡುಗಳ ಒಳಗಿನಿಂದ ಇಳಿಸುತ್ತದೆ. ತಳದ ಹ್ಯಾಮರಿನಲ್ಲಿ ಪಿಸ್ಟನ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಿಟ್ಟಿನ ತಲೆಗೆ ಬಡಿಯುತ್ತದೆ. ಬಿಟ್ಟಿನ ಮುಖದಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳಿವೆ. ಅವು ಕಲ್ಲನ್ನು ಚೂರು ಮಾಡುತ್ತವೆ. ಬಳಸಿದ ಗಾಳಿಯೇ ಆ ಚೂರುಗಳನ್ನು ರಾಡು ಮತ್ತು ರಂಧ್ರದ ಗೋಡೆಯ ನಡುವಿನ ಸಂದಿನಿಂದ ಮೇಲಕ್ಕೆ ಉಗುಳುತ್ತದೆ. ರೋಟರಿ ಹೆಡ್ಡು ರಾಡುಗಳನ್ನು ನಿಧಾನವಾಗಿ ತಿರುಗಿಸುವುದು ಕಲ್ಲನ್ನು ಕೆರೆಯಲಿಕ್ಕಲ್ಲ. ಮುಂದಿನ ಏಟು ಹೊಸ ಜಾಗದ ಮೇಲೆ ಬೀಳಲಿ ಎಂದು, ಅಷ್ಟೇ.

ಕೊರೆತದ ಕಂಪನವನ್ನು ಆಳವಾಗಿ ಅಭ್ಯಸಿಸಿದವರು ತೈಲಬಾವಿಯವರು. ಕಿಲೋಮೀಟರುಗಟ್ಟಲೆ ಉದ್ದದ ರಾಡಿನ ಸಾಲು ಮುರಿದರೆ ಕೋಟಿಗಟ್ಟಲೆ ನಷ್ಟವಾಗುವ ಕಸುಬು ಅದು. ಅವರು ಮೂರು ಬಗೆಯ ಕಂಪನವನ್ನು ಗುರುತಿಸುತ್ತಾರೆ: ಬಿಟ್ ತಳದಿಂದ ಮೇಲೆದ್ದು ಮತ್ತೆ ಅಪ್ಪಳಿಸುವ ಉದ್ದುದ್ದದ ಜಿಗಿತ, ತಳ ಸಿಕ್ಕಿಕೊಂಡು ಮೇಲಿನ ಭಾಗ ತಿರುಚಿಕೊಂಡು, ಬಿಡಿಸಿಕೊಂಡಾಗ ರಭಸದಿಂದ ಗಿರಕಿ ಹೊಡೆಯುವ ತಿರುಚು ಕಂಪನ, ರಾಡು ರಂಧ್ರದ ಗೋಡೆಗೆ ಬಡಿಯುತ್ತ ಉರುಳುವ ಅಡ್ಡ ಕಂಪನ. ತಿರುಚು ಕಂಪನವನ್ನು ಮೇಲಿನ ಮೋಟರಿನ ಬಿಗಿ ಸಡಿಲಿಸುವುದರಿಂದಲೇ ತಣಿಸಬಹುದೆಂದು 1988ರಲ್ಲಿ ಹ್ಯಾಲ್ಸಿ ಮತ್ತು ಸಂಗಡಿಗರು ತೋರಿಸಿದರು. ಬಿಟ್ ರಂಧ್ರದ ನಡುವನ್ನು ಬಿಟ್ಟು ಹಿಮ್ಮುಖವಾಗಿ ಸುತ್ತಾಡುವುದರಿಂದ ಅದರ ಹಲ್ಲು ಮುರಿಯುತ್ತದೆಂದು 1989ರಲ್ಲಿ ಅಮೊಕೊ ಕಂಪನಿಯ ಬ್ರೆಟ್, ವಾರೆನ್, ಬೇರ್ ಪ್ರಕಟಿಸಿದರು. ಈ ತಿಳಿವು ಬೋರಿನ ಗಾಡಿಗೂ ಸಲ್ಲುತ್ತದೆ, ಅಳತೆ ಬದಲಿಸಿಕೊಂಡು ಓದಬೇಕು. ತೈಲಬಾವಿಯಲ್ಲಿ ಬಿಟ್ ಕೆರೆಯುತ್ತದೆ, ಇಲ್ಲಿ ಬಡಿಯುತ್ತದೆ. ಅಲ್ಲಿ ರಂಧ್ರದ ತುಂಬ ಕೆಸರು ದ್ರವವಿದ್ದು ಕಂಪನವನ್ನು ಒಂದಿಷ್ಟು ಹೀರುತ್ತದೆ, ಇಲ್ಲಿ ಇರುವುದು ಗಾಳಿ.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ. ಸುತ್ತಿಗೆಯ ಕೆಲಸವೇ ಬಡಿತ, ಬಡಿತವೇ ಕಂಪನ. ಅದನ್ನು ತಗ್ಗಿಸುವುದೆಂದರೆ ಕೊರೆಯುವುದನ್ನೇ ತಗ್ಗಿಸಿದಂತೆ ಅಲ್ಲವೇ? ಉತ್ತರ ಶಕ್ತಿಯ ಲೆಕ್ಕದಲ್ಲಿದೆ. 1965ರಲ್ಲಿ ಟೀಲ್ ಎಂಬ ಸಂಶೋಧಕ ಕೊರೆತದ ದಕ್ಷತೆಗೆ ಒಂದು ನೇರವಾದ ಅಳತೆ ಕೊಟ್ಟ: ಒಂದು ಘನ ಅಳತೆಯ ಕಲ್ಲು ತೆಗೆಯಲು ಎಷ್ಟು ಶಕ್ತಿ ಖರ್ಚಾಯಿತು? ಅದೇ ಕಲ್ಲಿನಲ್ಲಿ ಈ ಅಂಕಿ ಏರುತ್ತಿದ್ದರೆ ಶಕ್ತಿ ಕಲ್ಲಿಗೆ ಹೋಗದೆ ಬೇರೆಲ್ಲೋ ಸೋರುತ್ತಿದೆ ಎಂದರ್ಥ. ಆ ಸೋರಿಕೆಯ ದೊಡ್ಡ ದಾರಿ ಕಂಪನ. ಪಿಸ್ಟನ್ ಬಿಟ್ಟಿಗೆ ಕೊಟ್ಟ ಏಟು ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,100 ಮೀಟರ್ ವೇಗದ ಒತ್ತಡದ ಅಲೆಯಾಗಿ ಇಳಿಯುತ್ತದೆ. ಗುಂಡಿಗಳು ಕಲ್ಲಿಗೆ ಬಿಗಿಯಾಗಿ ಊರಿದ್ದರೆ ಅಲೆಯ ಬಹುಪಾಲು ಕಲ್ಲನ್ನು ಸೇರುತ್ತದೆ. ಊರಿರದಿದ್ದರೆ ಅದು ತುದಿಯಲ್ಲಿ ತಿರುಗಿ, ಒತ್ತಡವಿದ್ದದ್ದು ಎಳೆತವಾಗಿ ಮೇಲೆ ಬರುತ್ತದೆ. ಉಕ್ಕಿಗೆ ಮಾರಕವಾದದ್ದು ಈ ಎಳೆತ. ಬಿಟ್ಟಿನ ಕತ್ತು ಮುರಿಯುವುದು, ಗುಂಡಿ ಕಿತ್ತು ಬರುವುದು ಇದರ ಪುನರಾವರ್ತನೆಯಿಂದ. ಹಾಗಾಗಿ ಬಡಿತ ಒಂದು, ಕಂಪನ ಇನ್ನೊಂದು. ಕಲ್ಲಿಗೆ ಸೇರಿದ ಏಟು ಮೇಲಿನವರಿಗೆ ಕಡಿಮೆ ತಾಗುತ್ತದೆ. ಗಾಡಿಯನ್ನೇ ಕುಣಿಸುವ ಏಟು ಕಲ್ಲಿಗೆ ಕಡಿಮೆ ಸೇರಿದೆ. 'ಎಷ್ಟು ಜೋರಾಗಿ ನಡುಗುತ್ತಿದೆ, ಒಳ್ಳೆ ಕಲ್ಲು ಹೊಡೀತಿದೆ' ಎಂದು ನಿಂತು ನೋಡುವವರು ಹೇಳುವುದು ಈ ಕಾರಣಕ್ಕೆ ತಿರುಗುಮುರುಗು.

ಭಾರದ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಹೆಚ್ಚಿನ ಹಾನಿ ಇಲ್ಲಿಂದಲೇ. ಆರೂವರೆ ಅಂಗುಲದ, ಅಂದರೆ 165 ಮಿ.ಮೀ. ರಂಧ್ರಕ್ಕೆ ಹ್ಯಾಮರಿನ ಮೇಲೆ ಇರಬೇಕಾದ ಭಾರ ಕೆಲವು ನೂರು ಕಿಲೋದಿಂದ ಸುಮಾರು ಒಂದು ಟನ್. ಗಾಳಿಯ ಎದುರೊತ್ತಡವನ್ನು ಮೀರಿ ಬಿಟ್ ಹ್ಯಾಮರಿನೊಳಗೆ ಕೂತಿರಲು ಬೇಕಾದಷ್ಟು. ಕೊರೆತ ಆರಂಭವಾದಾಗ ರಾಡು ಒಂದೋ ಎರಡೋ ಇರುವುದರಿಂದ ಭಾರ ಸಾಲದು, ಯಂತ್ರ ಮೇಲಿನಿಂದ ಒತ್ತಬೇಕು. ಆದರೆ 114 ಮಿ.ಮೀ. ವ್ಯಾಸದ, 6 ಮಿ.ಮೀ. ದಪ್ಪದ ಗೋಡೆಯ ಉಕ್ಕಿನ ರಾಡು ಮೀಟರಿಗೆ ಸುಮಾರು 16 ಕಿಲೋ ತೂಗುತ್ತದೆ. ಐವತ್ತು ಮೀಟರ್ ಇಳಿಯುವಷ್ಟರಲ್ಲಿ ರಾಡುಗಳ ತೂಕವೇ 800 ಕಿಲೋ. ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್ ತಲುಪಿದಾಗ 4.8 ಟನ್. ಮೊದಲ ಐವತ್ತು ಮೀಟರಿನ ನಂತರ ಒತ್ತುವ ಕೆಲಸ ಮುಗಿದು, ಎತ್ತಿ ಹಿಡಿಯುವ ಕೆಲಸ ಶುರುವಾಗಬೇಕು. ಹೈಡ್ರಾಲಿಕ್ ಹಿಡಿಕೆಯನ್ನು ಈ ಹೊತ್ತಿಗೆ ತಿರುಗಿಸದೆ ಬಿಟ್ಟರೆ ಬೇಕಾದದ್ದಕ್ಕಿಂತ ಹಲವು ಪಟ್ಟು ಭಾರ ಬಿಟ್ಟಿನ ಮೇಲೆ ಕೂರುತ್ತದೆ. ಆಗ ತಿರುಗಲು ಹೆಚ್ಚು ಬಲ ಬೇಕು, ರಾಡು ಬಳುಕಿ ಗೋಡೆಗೆ ಉಜ್ಜುತ್ತದೆ, ರಂಧ್ರ ಓರೆಯಾಗುತ್ತದೆ. ಭಾರ ಕಡಿಮೆಯಾದರೂ ಅಷ್ಟೇ ಕೆಟ್ಟದ್ದು: ಬಿಟ್ ತಳದಿಂದ ಮೇಲೆದ್ದು ಖಾಲಿ ಏಟು ಬೀಳುತ್ತದೆ. ಗಟ್ಟಿ ಬಸಾಲ್ಟಿನಿಂದ ಗುಳ್ಳೆ ಪದರಕ್ಕೋ ಬಿರುಕಿಗೋ ಇಳಿದ ಗಳಿಗೆಯಲ್ಲಿ ಬಿಟ್ ಧುತ್ತೆಂದು ಮುಂದೆ ನುಗ್ಗುತ್ತದೆ. ಕೆಳಗಿನ ಆಧಾರ ತಪ್ಪಿದಾಗ ಸದ್ದಿನ ವ್ಯತ್ಯಾಸ ಅನುಭವಿ ಚಾಲಕನ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಆ ಗಳಿಗೆಯಲ್ಲಿ ಎತ್ತಿ ಹಿಡಿದವನು ಹ್ಯಾಮರನ್ನು ಉಳಿಸಿಕೊಳ್ಳುತ್ತಾನೆ.

ಸುತ್ತಿನ ಲೆಕ್ಕವೂ ಇಷ್ಟೇ ನೇರ, ಆದರೆ ಯಾರೂ ಹಾಕುವುದಿಲ್ಲ. 165 ಮಿ.ಮೀ. ಬಿಟ್ಟಿನ ಸುತ್ತಳತೆ 518 ಮಿ.ಮೀ. ನಿಮಿಷಕ್ಕೆ 20 ಸುತ್ತು ತಿರುಗಿ, 1,400 ಏಟು ಬಿದ್ದರೆ, ಅಂಚಿನ ಗುಂಡಿ ಒಂದು ಏಟಿನಿಂದ ಇನ್ನೊಂದಕ್ಕೆ 7 ಮಿ.ಮೀ. ಚಿಲ್ಲರೆ ಸರಿಯುತ್ತದೆ, ಗುಂಡಿಯ ಗಾತ್ರಕ್ಕೆ ಹೊಂದುವ ಹೆಜ್ಜೆ ಅದು. ಸುತ್ತನ್ನು 60ಕ್ಕೆ ಏರಿಸಿದರೆ ಹೆಜ್ಜೆ 22 ಮಿ.ಮೀ. ಆಗುತ್ತದೆ. ಒಡೆದ ಕುಳಿಗಳ ನಡುವೆ ಒಡೆಯದ ದಿಣ್ಣೆ ಉಳಿದು, ಗುಂಡಿಗಳು ಅದರ ಮೇಲೆ ಎಳೆದಾಡಿ ಸವೆಯುತ್ತವೆ. ಕಲಾದಗಿಯ ಕ್ವಾರ್ಟ್‌ಜೈಟಿನಲ್ಲಿ ಅಂಚಿನ ಸಾಲಿನ ಗುಂಡಿಗಳು ಮೊದಲು ಚಪ್ಪಟೆಯಾಗುವುದು ಹೀಗೆ. ಸುತ್ತನ್ನು 5ಕ್ಕೆ ಇಳಿಸಿದರೆ ಹೆಜ್ಜೆ 2 ಮಿ.ಮೀ.ಗೂ ಕಡಿಮೆ, ಗುಂಡಿ ಆಗಲೇ ಪುಡಿಯಾದದ್ದನ್ನೇ ಮತ್ತೆ ಪುಡಿ ಮಾಡುತ್ತ, ಹಿಂದಿನ ಕುಳಿಯಲ್ಲೇ ಸಿಕ್ಕಿಕೊಳ್ಳುತ್ತ, ರಾಡಿಗೆ ತಡೆತಡೆದ ತಿರುವು ಕೊಡುತ್ತದೆ. ಕಲ್ಲು ಗಟ್ಟಿಯಾದಷ್ಟೂ ಸುತ್ತು ಇಳಿಯಬೇಕು, ಮೆದುವಾದಷ್ಟೂ ಏರಬೇಕು. ಗಟ್ಟಿ ಕಲ್ಲು ಬಂದಾಗ ವೇಗ ಕುಸಿಯಿತೆಂದು ಸುತ್ತು ಹೆಚ್ಚಿಸುವುದು ಕೈಗೆ ಸಹಜವಾಗಿ ಬರುವ ಕೆಲಸ, ಅದೇ ತಪ್ಪು. ಸವೆದ ಬಿಟ್ ಕೂಡ ಕಂಪನದ ಮೂಲ. ಗುಂಡಿಯ ಚಪ್ಪಟೆ ಭಾಗ ಅದರ ವ್ಯಾಸದ ಮೂರನೇ ಒಂದರಷ್ಟಾದಾಗ ಮತ್ತೆ ದುಂಡಗೆ ಸಾಣೆ ಹಿಡಿಯಬೇಕೆಂಬುದು ಕಸುಬಿನಲ್ಲಿ ಒಪ್ಪಿತವಾದ ನಿಯಮ. ಮೀರಿದರೆ ಅಷ್ಟು ಅಗಲದ ಮುಖ ಕಲ್ಲಿಗೆ ಊರದೆ ಅಲೆಯನ್ನು ಹಿಂದಕ್ಕೆ ಕಳಿಸುತ್ತದೆ.

ಗಾಳಿಯನ್ನು ಎಲ್ಲರೂ ಶಕ್ತಿ ಎಂದಷ್ಟೇ ಎಣಿಸುತ್ತಾರೆ, ಅದು ಪೊರಕೆಯೂ ಹೌದು. ಚೂರು ಮೇಲೆ ಬರದಿದ್ದರೆ ಬಿಟ್ ತನ್ನದೇ ಪುಡಿಯ ಮೆತ್ತೆಯ ಮೇಲೆ ಬಡಿಯುತ್ತದೆ. ರಾಡಿನ ಸುತ್ತ ಪುಡಿ ಸೇರಿ ತಿರುವಿನ ತಡೆ ಏರಿಳಿಯುತ್ತದೆ. ಜಂಬಿಟ್ಟಿಗೆಯ ಕೆಳಗಿನ ಜೇಡಿಯಲ್ಲಿ, ಲಾವಾ ಹಾಸುಗಳ ನಡುವಿನ ಕೆಂಪು ಪಟ್ಟೆಯಲ್ಲಿ, ಖಾನಾಪುರದ ಒದ್ದೆ ಮಣ್ಣಿನಲ್ಲಿ ಈ ತೊಂದರೆ ಹೆಚ್ಚು. ಸ್ವಲ್ಪವೇ ನೀರು ಸೇರಿದ ಪುಡಿ ಹಿಟ್ಟಿನ ಮುದ್ದೆಯಂತೆ ರಾಡಿಗೆ ಕವಚ ಕಟ್ಟುತ್ತದೆ. ಅಂಥಲ್ಲಿ ನೀರು ಮತ್ತು ನೊರೆ ಬಿಡುವುದು, ಪ್ರತಿ ರಾಡಿನ ಕೊನೆಗೆ ಎತ್ತಿ ಊದಿ ರಂಧ್ರ ತೊಳೆಯುವುದು ಕಂಪನ ತಗ್ಗಿಸುವ ಕೆಲಸವೇ ಹೌದು, ಯಾರೂ ಹಾಗೆ ಕರೆಯದಿದ್ದರೂ. ನೀರು ಚೆನ್ನಾಗಿ ಸಿಕ್ಕ ಬೋರಿನಲ್ಲಿ ಬೇರೆ ತೊಡಕು. ನೂರು ಮೀಟರ್ ನೀರಿನ ಕಂಬ ಹ್ಯಾಮರಿನ ಎದುರು ಚದರ ಅಂಗುಲಕ್ಕೆ ಸುಮಾರು 142 ಪೌಂಡ್ ಒತ್ತಡ ಹಾಕುತ್ತದೆ. ರಾಡು ಜೋಡಿಸಿ ಮತ್ತೆ ಗಾಳಿ ಬಿಟ್ಟಾಗ, ಆ ನೀರು ಹೊರಗೆ ಹಾರುವವರೆಗೆ, 300 ಪೌಂಡಿನ ಕಂಪ್ರೆಸರಿನ ಅರ್ಧದಷ್ಟು ಬಲ ಎದುರೊತ್ತಡಕ್ಕೇ ಹೋಗುತ್ತದೆ. ಏಟು ಸೋತಿದೆ ಎಂದು ಆಗ ಭಾರ ಹಾಕಿದರೆ ತಿರುಚು ಹೆಚ್ಚುತ್ತದೆಯೇ ಹೊರತು ಕೊರೆತವಲ್ಲ. ಮೊದಲು ನೀರು ಹಾರಿಸಿ, ಆಮೇಲೆ ತಳ ಮುಟ್ಟಿಸುವುದು ಸರಿಯಾದ ಕ್ರಮ.

ಉಕ್ಕಿನ ರಾಡು ಎಷ್ಟು ತಿರುಚಿಕೊಳ್ಳುತ್ತದೆ ಎಂಬುದನ್ನು ಕಣ್ಣಿನಿಂದ ಊಹಿಸುವುದು ಕಷ್ಟ. ಮೇಲೆ ಹೇಳಿದ ಅಳತೆಯ ರಾಡುಗಳ 300 ಮೀಟರ್ ಸಾಲಿನ ತಳ ಬಿರುಕಿನಲ್ಲಿ ಕಚ್ಚಿಕೊಂಡು, ಮೇಲಿನಿಂದ 3,000 ನ್ಯೂಟನ್-ಮೀಟರ್ ತಿರುಗುಬಲ ಬಿದ್ದರೆ, ಮೇಲಿನ ತುದಿ ತಳಕ್ಕಿಂತ ಸುಮಾರು 108 ಡಿಗ್ರಿ ಮುಂದೆ ಹೋಗಿರುತ್ತದೆ. ಕಾಲು ಸುತ್ತಿಗೂ ಹೆಚ್ಚು. ಕಚ್ಚಿದ್ದು ಬಿಟ್ಟ ಕ್ಷಣ ಆ ತಿರುಚು ಒಮ್ಮೆಲೇ ಬಿಚ್ಚಿಕೊಂಡು ತಳ ಗಿರಕಿ ಹೊಡೆಯುತ್ತದೆ, ಜಡತ್ವದಿಂದ ಮುಂದಕ್ಕೂ ಹೋಗುತ್ತದೆ, ಹಿಂದಕ್ಕೂ ಬರುತ್ತದೆ. ಹೀಗೆ ತಿರುಚು ಹಿಮ್ಮುಖವಾದ ಕ್ಷಣದಲ್ಲೇ ರಾಡಿನ ಥ್ರೆಡ್ಡು ಸಡಿಲಾಗಿ ಹ್ಯಾಮರ್ ಬಿದ್ದುಹೋಗುವ ಅಪಾಯ. ಬಸಾಲ್ಟಿನ ಬಿರುಕು ಪದರದಲ್ಲಿ, ಗರಸಿನ ಗುಂಡುಕಲ್ಲಿನಲ್ಲಿ ಇದು ಮಾಮೂಲು. ಮೋಟರಿನ ಬಿಗಿ ಸಡಿಲಿಸುವ ತೈಲಬಾವಿಯವರ ವಿದ್ಯುತ್ ನಿಯಂತ್ರಣದ ಪರಿಹಾರವನ್ನು ಹಾಗೇ ತರಲಾಗದು. ಅಲ್ಲಿನ ಸಾಲು ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಸಲ ನಿಧಾನವಾಗಿ ತೂಗುತ್ತದೆ. ಇಲ್ಲಿನ 200 ಮೀಟರ್ ಸಾಲು ಸೆಕೆಂಡಿಗೆ ಸುಮಾರು 4 ಸಲ. ಆದರೆ ಅದರ ತತ್ವ ಉಪಯೋಗಕ್ಕೆ ಬರುತ್ತದೆ: ರೋಟರಿ ಹೆಡ್ಡು ಹಟ ಹಿಡಿದು ತಿರುಗಬಾರದು. ಹೈಡ್ರಾಲಿಕ್ ಮೋಟರಿನ ಒತ್ತಡ ಮಿತಿಯ ಕವಾಟವನ್ನು ಆ ರಾಡಿಗೆ ತಕ್ಕಷ್ಟಕ್ಕೆ ಇಳಿಸಿಟ್ಟರೆ ತಿರುಚು ಒಂದು ಹಂತ ದಾಟುವುದಿಲ್ಲ. ಆ ಮಿತಿಯನ್ನು ಗರಿಷ್ಠಕ್ಕೆ ಏರಿಸಿ ಸೀಲು ಹಾಕಿದಂತೆ ಬಿಡುವುದು ಸುಲಭ, ಮುರಿದ ರಾಡನ್ನು ಮೀನು ಹಿಡಿದಂತೆ ತಳದಿಂದ ಎತ್ತುವುದು ಸುಲಭವಲ್ಲ.

ಆಳ ಹೆಚ್ಚಿದಂತೆ ಸಾಲಿನ ಸಹಜ ಕಂಪನದ ಗತಿ ಇಳಿಯುತ್ತದೆ ಎಂಬುದನ್ನೂ ಇಲ್ಲೇ ಸೇರಿಸಬೇಕು. ಮೇಲಿನ ತುದಿ ಬಿಗಿ, ಕೆಳಗಿನದು ಸಡಿಲ ಎಂದು ಸರಳ ಮಾಡಿಕೊಂಡರೆ, ನಿಮಿಷಕ್ಕೆ 1,400 ಏಟಿನ ಗತಿಗೆ ಸಾಲು ತಾನೇ ಸ್ಪಂದಿಸುವ ಮೊದಲ ಉದ್ದ ಸುಮಾರು 55 ಮೀಟರ್, ಮುಂದಿನದು ಅದರ ಮೂರರಷ್ಟು. ಜೋಡಣೆಗಳ ಸಡಿಲ, ಗೋಡೆಯ ಘರ್ಷಣೆ, ಹ್ಯಾಮರಿನ ಗಾಳಿಯ ಮೆತ್ತೆ ಇವೆಲ್ಲ ಸೇರಿ ನಿಜದ ಬೋರಿನಲ್ಲಿ ಈ ಅಂಕಿ ಹಿಂದುಮುಂದಾಗುತ್ತದೆ, ಆಳ ಹೇಳಿ ಭವಿಷ್ಯ ನುಡಿಯುವಷ್ಟು ಇದು ನಿಖರವಲ್ಲ. ಆದರೂ ಒಂದು ಆಳದಲ್ಲಿ ಅಕಾರಣವಾಗಿ ಹೆಚ್ಚಿದ ನಡುಕ ಗಾಳಿಯ ಒತ್ತಡವನ್ನು ಒಂದಿಷ್ಟು ಬದಲಿಸಿ ಏಟಿನ ಗತಿ ಸರಿಸಿದಾಗ ಇಳಿಯಬಹುದು ಎಂಬುದಕ್ಕೆ ಇದು ಕಾರಣ ಕೊಡುತ್ತದೆ. ರೋಟರಿ ಹೆಡ್ಡಿನ ಕೆಳಗೆ ಹಾಕುವ ರಬ್ಬರ್ ಮೆತ್ತೆಯ ಜೋಡಣೆ ಮೇಲಕ್ಕೆ ಬಂದ ಅಲೆಯನ್ನು ಹೀರಿ ಹೆಡ್ಡಿನ ಬೇರಿಂಗ್, ಗೇರುಗಳನ್ನು ಉಳಿಸುತ್ತದೆ. ಅದು ಒಳ್ಳೆಯ ಸಾಧನ. ಆದರೆ ತಳದಲ್ಲಿ ಬಿಟ್ ಅನುಭವಿಸುವ ಹೊಡೆತಕ್ಕೆ ಅದರಿಂದ ಏನೂ ಆಗದು. ಹ್ಯಾಮರಿನ ಮೇಲೆ ರಂಧ್ರದ ವ್ಯಾಸಕ್ಕೆ ಹತ್ತಿರವಾದ ದಪ್ಪ ರಾಡು ಅಥವಾ ಪಟ್ಟಿ ಕೂರಿಸಿದ ನಡುಹಿಡಿಕೆ ಹಾಕುವುದರಿಂದ ಅಡ್ಡ ಕಂಪನ ಇಳಿಯುತ್ತದೆ, ರಂಧ್ರ ನೆಟ್ಟಗಿರುತ್ತದೆ. ಓರೆಯಾಗಿ ನಿಂತ ಖಾನಾಪುರದ ಶಿಸ್ಟಿನಲ್ಲಿ ಇದಕ್ಕೆ ಬೆಲೆ ಹೆಚ್ಚು. ಹಾಳೆಗಳ ಓರೆಯ ಕಡೆಗೆ ಬಿಟ್ ಎಳೆದುಕೊಂಡು ಹೋಗುವ ಸ್ವಭಾವ ಅಲ್ಲಿದೆ. ಜಂಬಿಟ್ಟಿಗೆ, ಗರಸು ದಾಟಿ ಗಟ್ಟಿ ಕಲ್ಲಿನಲ್ಲಿ ಕೇಸಿಂಗ್ ಪೈಪು ಸರಿಯಾಗಿ ಕೂರದಿದ್ದರೆ ಮುಂದಿನ ಎಲ್ಲ ರಾಡೂ ಆ ಓರೆ ಕೊಳವೆಯ ತುಟಿಗೆ ಬಡಿಯುತ್ತಲೇ ಇರುತ್ತದೆ. ಮೊದಲ ಹತ್ತಿಪ್ಪತ್ತು ಮೀಟರಿನಲ್ಲಿ ತೋರಿದ ಆತುರದ ಫಲ ಕೊನೆಯವರೆಗೂ ಇರುತ್ತದೆ, ಗಾಡಿ ಹೋದ ಮೇಲೂ: ಓರೆ ಬೋರಿಗೆ ಇಳಿಸಿದ ಸಬ್‌ಮರ್ಸಿಬಲ್ ಪಂಪು, ಅದರ ಕೇಬಲ್ಲು ಗೋಡೆಗೆ ಉಜ್ಜುತ್ತ ಬೇಗ ಕೆಡುತ್ತವೆ.

ಎರಡನೆಯ ಆಕ್ಷೇಪ ಹಣದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಬೋರಿನ ಕೂಲಿ ಅಡಿ ಲೆಕ್ಕದ್ದು, ಆಳ ಹೋದಂತೆ ದರ ಏರುತ್ತದೆ. ಡೀಸೆಲ್ ಉರಿಯುತ್ತಿರುವಾಗ, ಮುಂದಿನ ಊರಿನಲ್ಲಿ ಗಿರಾಕಿ ಕಾಯುತ್ತಿರುವಾಗ, ಭಾರ ಇಳಿಸಿ ಸುತ್ತು ತಗ್ಗಿಸಿ ಕೂರು ಎಂದು ಚಾಲಕನಿಗೆ ಹೇಳುವುದು ಪುಸ್ತಕದ ಮಾತಾಗುತ್ತದೆ ಎಂಬುದು ಗಾಡಿ ಮಾಲೀಕರ ವಾದ. ಇದರಲ್ಲಿ ಸತ್ಯವಿದೆ: ಅಡಿ ಲೆಕ್ಕದ ಕೂಲಿಯೇ ಕಂಪನದ ಕಾರಣಗಳಲ್ಲಿ ಒಂದು. ಅದು ಗಂಟೆಯ ವೇಗಕ್ಕೆ ಬೆಲೆ ಕೊಡುತ್ತದೆ, ನೆಟ್ಟಗಿರುವ ರಂಧ್ರಕ್ಕೆ ಕೊಡುವುದಿಲ್ಲ. ಆದರೆ ವಾದದ ಒಳಗಿನ ಊಹೆ, ಅಂದರೆ ನಡುಕ ತಗ್ಗಿಸಿದರೆ ವೇಗವೂ ತಗ್ಗುತ್ತದೆ ಎಂಬುದು, ಮೇಲೆ ನೋಡಿದ ಶಕ್ತಿಯ ಲೆಕ್ಕಕ್ಕೆ ನಿಲ್ಲುವುದಿಲ್ಲ. ಸರಿಯಾದ ಭಾರ, ಸರಿಯಾದ ಹೆಜ್ಜೆಯಲ್ಲಿ ಅದೇ ಗಾಳಿ ಹೆಚ್ಚು ಕಲ್ಲು ಒಡೆಯುತ್ತದೆ. ಭಾರ ಇಳಿಸಲು ಹಣ ಬೇಡ, ಹಿಡಿಕೆ ತಿರುಗಿಸಬೇಕು. ಸುತ್ತು ಎಣಿಸಲು ರಾಡಿನ ಮೇಲೊಂದು ಸುಣ್ಣದ ಗೆರೆ, ಕೈಯಲ್ಲೊಂದು ಗಡಿಯಾರ ಸಾಕು. ಬಾಗಿದ ರಾಡನ್ನು ಗುರುತು ಹಾಕಿ ಪಕ್ಕಕ್ಕಿಡಲು ಶಿಸ್ತು ಸಾಕು. ಅಷ್ಟು ಮಾಡಿದ ಮೇಲೂ ಉಳಿಯುವ ನಡುಕಕ್ಕೆ ದುಬಾರಿ ಸಾಧನ ಬೇಕೋ ಬೇಡವೋ ಎಂಬ ಪ್ರಶ್ನೆ ಬರಲಿ. ಬೋರು ಹಾಕಿಸುವ ರೈತನೂ ಈ ಲೆಕ್ಕದಲ್ಲಿ ಪಾಲುದಾರ. ಎಷ್ಟು ಅಡಿಗೆ ಎಷ್ಟು ಎಂದು ಕೇಳುವವರು, ರಂಧ್ರ ನೆಟ್ಟಗಿದೆಯೇ ಎಂದು ಒಂದು ಉದ್ದನೆಯ ಪೈಪು ಇಳಿಸಿ ತೋರಿಸಲು ಕೇಳುವುದಿಲ್ಲ. ಕೇಳುವವರಿದ್ದರೆ ಗಾಡಿಯವರ ಕೈಯೂ ಬದಲಾಗುತ್ತದೆ.

ಬೆಳಗಾವಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಉದ್ಯಮಬಾಗ, ಮಚ್ಛೆಯ ಕೈಗಾರಿಕಾ ಪ್ರದೇಶಗಳ ಊರು ಇದು. ಎರಕದ ಫೌಂಡ್ರಿಗಳಿಗೂ ಹೈಡ್ರಾಲಿಕ್ ಬಿಡಿಭಾಗಗಳಿಗೂ ಹೆಸರಾಗಿದೆ, ಪಾಲಿಹೈಡ್ರಾನ್‌ನಂಥ ಕಂಪನಿ ಹೈಡ್ರಾಲಿಕ್ ಕವಾಟಗಳನ್ನೇ ಕಸುಬಾಗಿ ಮಾಡಿಕೊಂಡಿದೆ. ರಿಗ್ಗಿನಲ್ಲಿ ಎತ್ತಿ ಹಿಡಿಯುವ ಕೆಲಸ, ತಿರುಗುಬಲದ ಮಿತಿ ಎರಡೂ ಇಂಥ ಕವಾಟಗಳ ಕೆಲಸವೇ. ಫೌಂಡ್ರಿಯ ಬೂದು ಎರಕದ ಕಬ್ಬಿಣಕ್ಕೂ ಕಂಪನಕ್ಕೂ ಹಳೆಯ ನಂಟು: ಅದರೊಳಗೆ ಹರಡಿದ ಗ್ರಾಫೈಟ್ ಚಕ್ಕೆಗಳು ನಡುಕವನ್ನು ಶಾಖವಾಗಿ ಕರಗಿಸುವುದರಿಂದ ಲೇತ್ ಮೊದಲಾದ ಯಂತ್ರಗಳ ಹಾಸನ್ನು ಅದರಲ್ಲೇ ಎರೆಯುತ್ತಾರೆ. ಆ ಚಕ್ಕೆಗಳೇ ಅದನ್ನು ಎಳೆತಕ್ಕೆ ಮುರುಕಲಾಗಿಸುವುದರಿಂದ ರಾಡಿಗೆ, ಬಿಟ್ಟಿಗೆ ಅದು ಆಗದು. ಗೇರ್‌ಪೆಟ್ಟಿಗೆಯ ಕವಚ, ಕಂಪ್ರೆಸರಿನ ಮೈ ಇವಕ್ಕೆ ಒಪ್ಪುತ್ತದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನವೂ ಇದೇ ಊರು, ಕಂಪನ ಅಳೆಯುವ ಕೆಲಸಕ್ಕೆ ಅದು ನೆರವಾಗಬಹುದು. ರೋಟರಿ ಹೆಡ್ಡಿಗೆ ಅಂಟಿಸುವ ಸಣ್ಣ ವೇಗೋತ್ಕರ್ಷ ಮಾಪಕ ಇಂದು ದುಬಾರಿಯಲ್ಲ. ಅಡಿ ಅಡಿಗೂ ನಡುಕದ ದಾಖಲೆ ಬರೆದಿಟ್ಟರೆ ಅದು ಯಂತ್ರದ ಆರೋಗ್ಯದ ಪಟ್ಟಿಯಾಗುವುದರ ಜೊತೆಗೆ ಆ ಜಾಗದ ಕಲ್ಲಿನ ನಕ್ಷೆಯೂ ಆಗುತ್ತದೆ. ಎಲ್ಲಿ ಬಿರುಕು, ಎಲ್ಲಿ ಕೆಂಪು ಪಟ್ಟೆ, ಎಲ್ಲಿ ಗಟ್ಟಿ ಹಾಸು ಎಂದು ಪಕ್ಕದ ಹೊಲದ ಬೋರಿಗೆ ಮೊದಲೇ ತಿಳಿಯುತ್ತದೆ. ನಡುಕವನ್ನು ಪೂರ್ತಿ ಅಡಗಿಸುವ ಸಾಧನಕ್ಕಿಂತ ಅದನ್ನು ಓದುವ ಸಾಧನ ಈ ನೆಲಕ್ಕೆ ಹೆಚ್ಚು ಉಪಯುಕ್ತ.

ಕಂಪನದ ಇನ್ನೊಂದು ತುದಿಯಲ್ಲಿ ಮನುಷ್ಯರ ಮೈ ಇದೆ. ಗಾಡಿಯ ಹಿಡಿಕೆ ಹಿಡಿದು ನಿಲ್ಲುವವರಿಗಿಂತ, ತೆರೆದ ಬಾವಿಯ ತಳದಲ್ಲಿ ಜಾಕ್‌ಹ್ಯಾಮರ್ ಹಿಡಿದು ಕಲ್ಲು ಒಡೆಯುವವರಿಗೆ ಇದರ ಪೆಟ್ಟು ಹೆಚ್ಚು. ವರ್ಷಗಟ್ಟಲೆ ಆ ನಡುಕ ಉಂಡ ಬೆರಳುಗಳ ರಕ್ತನಾಳ ಕುಗ್ಗಿ, ಬೆರಳು ಬಿಳಿಚಿ ಜೋಮು ಹಿಡಿಯುವ ಕಾಯಿಲೆ ಬರುತ್ತದೆ. ಯುರೋಪಿನ 2002ರ ನಿರ್ದೇಶನ ಎಂಟು ಗಂಟೆಯ ದಿನಕ್ಕೆ ಕೈಗೆ ತಾಗುವ ಕಂಪನವನ್ನು ಸೆಕೆಂಡಿನ ವರ್ಗಕ್ಕೆ 5 ಮೀಟರಿಗೆ ಮಿತಿಗೊಳಿಸಿದೆ, 2.5 ದಾಟಿದರೇ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ದಿನಗೂಲಿಯ ಕೆಲಸದಲ್ಲಿ ಇದನ್ನು ಅಳೆಯುವವರು ಅಪರೂಪ. ಹಿಡಿಕೆಗೆ ಒಳ್ಳೆಯ ರಬ್ಬರು, ಸರದಿಯ ಬದಲಾವಣೆ ಇವೆರಡಾದರೂ ಆಗಬಹುದಾದ ಕೆಲಸ. ಪಕ್ಕದ ಮನೆಯವರ ಭಯ ಬೇರೆ ಬಗೆಯದು. ಬೆಳಗಾವಿಯ ಹಳೆಯ ಬಡಾವಣೆಗಳಲ್ಲಿ ಜಂಬಿಟ್ಟಿಗೆ ಗೋಡೆಯ ಮನೆಗಳ ನಡುವೆ ಗಾಡಿ ಬಂದು ನಿಂತರೆ ಗೋಡೆ ಬಿರುಕು ಬಿಡುತ್ತದೆಂಬ ಜಗಳ ಏಳುವುದು ಸಹಜ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ, ಸಿಡಿಮದ್ದಿನ ಸ್ಫೋಟದಿಂದ ಮನೆಗಳ ನೆಲಕ್ಕೆ ತಾಗುವ ಕಂಪನಕ್ಕೆ ಮಿತಿ ಹಾಕಿದೆ: ಸೆಕೆಂಡಿಗೆ 8ಕ್ಕಿಂತ ಕಡಿಮೆ ಸಲದ ಕಂಪನಕ್ಕೆ ಸೆಕೆಂಡಿಗೆ 5 ಮಿ.ಮೀ. ವೇಗ, 8ರಿಂದ 25ರ ನಡುವಿನದಕ್ಕೆ 10 ಮಿ.ಮೀ. ವೇಗ. ಹ್ಯಾಮರಿನ ಏಟು ಸೆಕೆಂಡಿಗೆ ಇಪ್ಪತ್ತಮೂರರ ಆಸುಪಾಸಿನದಾದ್ದರಿಂದ ಎರಡನೆಯ ಗುಂಪಿಗೆ ಸೇರುತ್ತದೆ. ಆದರೆ ಅದು ಒಂದೇ ಸ್ಫೋಟವಲ್ಲ, ಗಂಟೆಗಟ್ಟಲೆ ನಡೆಯುವ ಬಡಿತ, ಹಾಗಾಗಿ ಸ್ಫೋಟದ ಮಿತಿಯನ್ನು ಇದಕ್ಕೆ ಸುಮ್ಮನೆ ಅನ್ವಯಿಸಲಾಗದು. ಹ್ಯಾಮರ್ ಆಳಕ್ಕಿಳಿದಂತೆ ಮನೆಗೆ ತಾಗುವ ಪಾಲು ಕ್ಷೀಣಿಸುತ್ತದೆ. ಗೋಡೆಗೆ ಹತ್ತಿರವಾದದ್ದು ಆರಂಭದ ಕೆಲವು ರಾಡುಗಳು ಮಾತ್ರ, ಅಲ್ಲಿ ಜಂಬಿಟ್ಟಿಗೆಯನ್ನು ಅರ್ಧ ಗಾಳಿಯಲ್ಲಿ ಮೆತ್ತಗೆ ಕೊರೆದು ಕೇಸಿಂಗ್ ಇಳಿಸಿದರೆ ಮನೆಯ ಗೋಡೆಗೂ ಬೋರಿನ ಬಾಯಿಗೂ ಒಳ್ಳೆಯದು.